ಕೋವಿ ಮನೆಗಳ ಓಟು ಕಾಯುವ ಕುಶಲಕ್ಕ

ಬೆಳಗಿನ ಐದೂಮುಕ್ಕಾಲು. ಕಾರ್ಕಳ ಬಳಿಯ ಕುಕ್ಕುಂದೂರಿನ ಹಾಲಿನ ಡೈರಿಯ ಬಾಗಿಲು ಆಗಷ್ಟೇ ತೆರೆದಿದೆ. ಪಕ್ಕದ ಕಟ್ಟೆಯ ಮೇಲೆ ತಲೆಗೆ ಬೈರಾಸು ಸುತ್ತಿಕೊಂಡು ಒಬ್ಬ ಹೆಂಗಸು ಕೂತಿದ್ದಾರೆ. ಅವರ ಬಳಿ ಹಾಲಿನ ಕ್ಯಾನಿಲ್ಲ, ಮಡಿಲಲ್ಲಿ ಒಂದು ರಟ್ಟಿನ ಪುಸ್ತಕ ಮತ್ತು ಮತದಾರರ ಪಟ್ಟಿ ಇವೆ. ಹಾಲು ಹಾಕಲು ಬಂದವರಲ್ಲಿ ಒಬ್ಬಿಬ್ಬರು ಅವರನ್ನು ಕಂಡದ್ದೇ ತಡ, ಮೊಬೈಲನ್ನು ಕಿವಿಗೆ ಒತ್ತಿಕೊಂಡು ಆಚೆ ಮುಖ ಮಾಡುತ್ತಾರೆ.

"ಎಂತ ರಿತೇಶ, ಬೆಳಗ್ಗೆ ಬೆಳಗ್ಗೆ ಯಾರ ಫೋನು? ಪರದೆಯಲ್ಲಿ ಲೈಟೇ ಇಲ್ಲ ಮಾರಾಯ," ಎನ್ನುತ್ತಾರೆ ಅವರು. ಸಿಕ್ಕಿಬಿದ್ದ ರಿತೇಶ್ ನಗುತ್ತಾ ಹತ್ತಿರ ಬರುತ್ತಾನೆ. "ಓಟು ಹದಿನೇಳಕ್ಕೆ. ನಿನ್ನ ಮನೆಯಲ್ಲಿ ನಾಲ್ಕು ಉಂಟು. ನಾಲ್ಕೂ ಬರಬೇಕು."

"ನೋಡುವ ಅಕ್ಕ."

ಪುಸ್ತಕದಲ್ಲಿ ಅವನ ಅಪ್ಪನ ಹೆಸರಿನ ಎದುರು ಒಂದು ಸೊನ್ನೆ ಬೀಳುತ್ತದೆ. 'ನೋಡುವ' ಎಂದು ಬಾಯಲ್ಲಿ ಹೇಳಿ ಮನೆಯಲ್ಲೇ ಉಳಿಯುವವರನ್ನು ಅವರು ಬೇಕಾದಷ್ಟು ನೋಡಿದ್ದಾರೆ.

ಇವರು ಕುಶಲಾ, ಊರಿಗೆಲ್ಲ ಕುಶಲಕ್ಕ. ವಯಸ್ಸು ಐವತ್ತಾರು. ಎರಡು ಎಕರೆಯಲ್ಲಿ ಭತ್ತ, ಗೆಣಸು, ಒಂದಿಷ್ಟು ತೆಂಗು. ಉಳಿದ ಹೊತ್ತು ಬೀಡಿ ಕಟ್ಟುತ್ತಾರೆ. ಇದರ ನಡುವೆ ಕಾರ್ಕಳದಿಂದ ಕಾಪುವಿನವರೆಗೆ ಹರಡಿರುವ ಬೆಳೆ ರಕ್ಷಣಾ ಕೋವಿ ಪರವಾನಗಿದಾರರ ಸಂಘಕ್ಕೆ ಜಂಟಿ ಕಾರ್ಯದರ್ಶಿ. ಸಂಬಳವಿಲ್ಲ, ಕುರ್ಚಿಯಿಲ್ಲ. ಸಂಘಕ್ಕೆ ಸ್ವಂತ ಕೋಣೆಯೂ ಇಲ್ಲದ ಕಾರಣ ದಾಖಲೆಗಳೆಲ್ಲ ಇವರ ಮನೆಯ ಕಪಾಟಿನಲ್ಲೇ ಇವೆ.

ಕೋವಿ ಎಂದ ಕೂಡಲೇ ಪೇಟೆಯವರ ಹುಬ್ಬು ಮೇಲೇರುತ್ತದೆ. ಇಲ್ಲಿ ಅದು ಗದ್ದೆಯ ಕೆಲಸಕ್ಕೆ ಬೇಕಾದ ಹಾರೆ, ಕತ್ತಿಗಳ ಸಾಲಿಗೆ ಸೇರಿದ ವಸ್ತು. ಹಂದಿ ಗೆಣಸಿನ ಸಾಲು ಉತ್ತು ಹಾಕುತ್ತದೆ, ಮಂಗ ಎಳನೀರು ಉದುರಿಸುತ್ತದೆ. ಗಾಳಿಗೆ ಒಂದು ಗುಂಡು ಹಾರಿಸಿದರೆ ನಾಲ್ಕು ದಿನ ಆ ಕಡೆ ಬರುವುದಿಲ್ಲ. "ಕೊಲ್ಲಲಿಕ್ಕೆ ಅಲ್ಲ, ಸದ್ದಿಗೆ," ಎನ್ನುತ್ತಾರೆ ಕುಶಲಕ್ಕ. "ಪಟಾಕಿಗೆ ಹಂದಿ ಹೆದರುವುದಿಲ್ಲ ಈಗ. ನಾವು ಹಬ್ಬ ಮಾಡ್ತಿದ್ದೇವೆ ಅಂತ ಅದಕ್ಕೂ ಗೊತ್ತಾಗಿದೆ."

ಚುನಾವಣೆ ಘೋಷಣೆಯಾದರೆ ಆ ಸದ್ದೂ ನಿಲ್ಲುತ್ತದೆ. ಠಾಣೆಯಿಂದ ನೋಟೀಸು ಬರುತ್ತದೆ, ಇಷ್ಟು ದಿನದೊಳಗೆ ಕೋವಿ ತಂದು ಒಪ್ಪಿಸಬೇಕು. ಫಲಿತಾಂಶ ಬಂದು ಎಲ್ಲ ಮುಗಿಯುವವರೆಗೆ ಅದು ಅಲ್ಲೇ. ವಿನಾಯಿತಿ ಕೇಳಬಹುದು, ಅದಕ್ಕೆ ಅರ್ಜಿ, ನಕಲು, ಮಣಿಪಾಲದ ಜಿಲ್ಲಾಧಿಕಾರಿ ಕಚೇರಿಗೆ ಅಲೆದಾಟ. ಅಷ್ಟರಲ್ಲಿ ಚುನಾವಣೆಯೇ ಮುಗಿದಿರುತ್ತದೆ.

ಕಳೆದ ವಿಧಾನಸಭಾ ಚುನಾವಣೆಯ ಹೊತ್ತಿಗೆ ಸಂಘದವರ ತಾಳ್ಮೆ ಕೆಟ್ಟಿತು. ಸಭೆಯಲ್ಲಿ ಗಂಡಸರು ಗೊಣಗುತ್ತಾ ಚಹಾ ಕುಡಿಯುತ್ತಿದ್ದಾಗ ಎದ್ದು ನಿಂತವರು ಕುಶಲಕ್ಕ. ಕೋವಿ ತೆಗೆದುಕೊಂಡು ಹೋಗುವುದು ಓಟಿಗಾಗಿ ಅಲ್ಲವೇ, ಹಾಗಾದರೆ ಓಟನ್ನೇ ಕೊಡುವುದು ಬೇಡ ಎಂದರು. ಮರುದಿನ ರಸ್ತೆಯ ತಿರುವಿನಲ್ಲಿ ಬ್ಯಾನರ್ ಎದ್ದಿತು: 'ಕೋವಿ ಇಲ್ಲ, ಓಟೂ ಇಲ್ಲ.' ಸಂಘದ್ದು ನೂರ ನಲವತ್ತಮೂರು ಮನೆ, ಐನೂರ ಹನ್ನೊಂದು ಓಟು. ಅದರಲ್ಲಿ ಬಿದ್ದದ್ದು ಹತ್ತೊಂಬತ್ತು ಮಾತ್ರ.

"ಓಡಿ ಬರ್ತಾರೆ, ಕೈ ಮುಗೀತಾರೆ ಅಂತ ಗ್ರಹಿಸಿದ್ದೆವು," ಎನ್ನುತ್ತಾರೆ ಸಂಘದ ಅಧ್ಯಕ್ಷ ದೂಮಪ್ಪ. ಅವರಿಗೆ ಎಪ್ಪತ್ತನಾಲ್ಕು, ಮೊಣಗಂಟು ಕೈಕೊಟ್ಟು ಮನೆಯಿಂದ ಹೊರಗೆ ಬರುವುದೇ ಕಡಿಮೆ. "ಒಂದು ನಾಯಿಯೂ ಬರಲಿಲ್ಲ. ನಾವು ಇಲ್ಲದೆ ಎಲ್ಲ ಸುಸೂತ್ರ ನಡೆದುಹೋಯಿತು."

ಆಮೇಲಿನದು ಇನ್ನೂ ಕಹಿ. ವಿನಾಯಿತಿಯ ವಿಷಯ ಮಾತಾಡಲು ಕುಶಲಕ್ಕ ಉಡುಪಿಯಲ್ಲಿ ಒಂದು ಪಕ್ಷದ ಕಾರ್ಯಕರ್ತನನ್ನು ಭೇಟಿಯಾದರು. ಆತ ಮೊಬೈಲ್ ತೆಗೆದು ಮತಗಟ್ಟೆವಾರು ಲೆಕ್ಕ ನೋಡಿದ. "ನಿಮ್ಮ ಕಡೆ ಓಟೇ ಇಲ್ಲ ಅಲ್ವಾ ಅಕ್ಕ," ಎಂದ. ಆತನ ದನಿಯಲ್ಲಿ ಸಿಟ್ಟಾಗಲೀ ಕುಹಕವಾಗಲೀ ಇರಲಿಲ್ಲ ಎಂಬುದೇ ತನ್ನನ್ನು ಹೆಚ್ಚು ಚುಚ್ಚಿತು ಎಂದು ಅವರು ನೆನೆಯುತ್ತಾರೆ.

ಅದಕ್ಕೇ ಲೋಕಸಭಾ ಚುನಾವಣೆಯಲ್ಲಿ ಬಹಿಷ್ಕಾರದ ಸುದ್ದಿ ಎತ್ತಲಿಲ್ಲ. ಎಲ್ಲರೂ ಹೋಗಿ ಎಂದೇ ಸಂಘ ಹೇಳಿತು. ಆದರೂ ಅರವತ್ತೊಂದು ಮನೆಗಳು ಬಾಗಿಲು ದಾಟಲಿಲ್ಲ. ಸಿಟ್ಟಿಗೆ ಬಿಟ್ಟ ಓಟು ಸದ್ದಿಲ್ಲದೆ ರೂಢಿಯಾಗಿತ್ತು. ಆ ಅರವತ್ತೊಂದು ಮನೆಗಳನ್ನು ಮತಗಟ್ಟೆಗೆ ತಂದು ನಿಲ್ಲಿಸುವುದೇ ಈಗ ಕುಶಲಕ್ಕನ ಕೆಲಸ. ಗ್ರಾಮ ಪಂಚಾಯತ್ ಚುನಾವಣೆಗೆ ಇನ್ನು ಒಂಬತ್ತು ದಿನ ಉಳಿದಿದೆ.

ನೋಟೀಸು ಬಂದ ದಿನವೇ ಠಾಣೆಗೆ ಹೋದವರಲ್ಲಿ ಅವರೇ ಮೊದಲಿಗರು. ಒಂಟಿ ನಳಿಗೆಯ ಕೋವಿಗೆ ತೆಂಗಿನೆಣ್ಣೆ ಹಚ್ಚಿ, ಗಂಡನ ಹಳೆಯ ಲುಂಗಿಯಲ್ಲಿ ಸುತ್ತಿ, ಹೆಸರಿನ ಚೀಟಿ ಕಟ್ಟಿ ಕೊಟ್ಟು ಬಂದರು. ಒಪ್ಪಿಸಿದ ಮೂರನೇ ಬೆಳಗ್ಗೆ ಗೆಣಸಿನ ಹನ್ನೊಂದು ಸಾಲು ಬುಡಮೇಲಾಗಿದ್ದವು. ಮಣ್ಣು ಎಳೆದು ಮುಚ್ಚಲೂ ಹೋಗದೆ ಅವರು ಪುಸ್ತಕ ಹಿಡಿದು ಡೈರಿಗೆ ನಡೆದರು.

ಎಂಟು ಗಂಟೆಯ ಬಸ್ಸಿಗೆ ಕಾಪು ಕಡೆ ಹೊರಡುತ್ತಾರೆ. ಉಡುಪಿಯಲ್ಲಿ ಬಸ್ಸು ಬದಲಿಸಿ, ಉದ್ಯಾವರ ದಾಟುವಾಗ ಪುಸ್ತಕ ಬಿಡಿಸಿ ಓದಿಕೊಳ್ಳುತ್ತಾರೆ. ಯಾರ ಮನೆಯಲ್ಲಿ ಮದುವೆ ಮುಗಿಯಿತು, ಯಾರು ದುಬೈಗೆ ಹೋದರು, ಯಾರಿಗೆ ನಡೆಯಲಾಗದು, ರಿಕ್ಷಾ ಬೇಕು ಎಂಬುದೆಲ್ಲ ಅದರಲ್ಲಿದೆ. ಯಾರಿಗೆ ಓಟು ಹಾಕಬೇಕು ಎಂಬ ಮಾತು ಮಾತ್ರ ಎಲ್ಲೂ ಇಲ್ಲ. ಕೇಳಿದವರಿಗೆ "ಅದು ನಿಮ್ಮ ಮನಸ್ಸು, ನನಗೆ ಬೆರಳಿನ ಶಾಯಿ ತೋರಿಸಿದರೆ ಸಾಕು" ಎನ್ನುತ್ತಾರೆ.

ದಿನಕ್ಕೆ ಏಳೆಂಟು ಮನೆ. ಇವತ್ತಿನ ಮೊದಲ ಮನೆ ಕಾಪು ಸಮೀಪದ ಮೌರಿಸ್ ಅವರದು. ಸಂಘದ ಹಳೆಯ ಸದಸ್ಯ, ನಲವತ್ತು ತೆಂಗಿನ ಮರದ ಯಜಮಾನ, ಲೋಕಸಭೆಗೆ ಮನೆಯಲ್ಲೇ ಉಳಿದವರು. ಜಗಲಿಯಲ್ಲಿ ಅವರ ಹೆಂಡತಿ ವೆರೊನಿಕಾ ಮಲ್ಲಿಗೆ ಕಟ್ಟುತ್ತಿದ್ದಾರೆ.

"ಪುನಃ ಬಂದಿರಾ? ಇದು ಮೂರನೇ ಸಲ," ಎನ್ನುತ್ತಾರೆ ಮೌರಿಸ್. "ಓಟು ಬೇಡ ಅಂತ ಇದೇ ಜಗಲಿಯಲ್ಲಿ ಕೂತು ಹೇಳಿದ್ದು ನೀವೇ ಅಲ್ವಾ ಕುಶಲಕ್ಕ? ಆವತ್ತು ಬೇಡ, ಇವತ್ತು ಬೇಕು. ನಾಳೆ ಎಂತ ಹೇಳ್ತೀರಿ?"

"ಹೌದು ಮೌರಿಸಣ್ಣ, ಹೇಳಿದ್ದು ನಾನೇ. ತಪ್ಪಾಯಿತು ಅಂತ ಹೇಳ್ಲಿಕ್ಕೇ ಬರುವುದು."

"ಓಟು ಹಾಕಿದರೆ ಕೋವಿ ಬಿಡ್ತಾರಾ?"

"ಬಿಡ್ತಾರೆ ಅಂತ ನಾನು ಸುಳ್ಳು ಹೇಳುವುದಿಲ್ಲ. ಹಾಕದಿದ್ದರೆ ನಾವು ಇದ್ದೇವೆ ಅಂತಲೇ ಯಾರಿಗೂ ಗೊತ್ತಾಗುವುದಿಲ್ಲ."

ಮೌರಿಸ್ ತೋಟದ ಕಡೆ ನೋಡುತ್ತಾರೆ. ಆಗ ಮಾಲೆಯಿಂದ ತಲೆಯೆತ್ತದೆ ವೆರೊನಿಕಾ ಹೇಳುತ್ತಾರೆ: "ಕೋವಿ ಇವರದ್ದು. ಓಟು ನನ್ನದೂ ಉಂಟು. ಆವಾಗ ಬಿಡುವುದು ಅಂತ ನೀವು ತೀರ್ಮಾನ ಮಾಡಿದಿರಿ, ನನ್ನ ಹತ್ರ ಒಂದು ಮಾತು ಕೇಳಲಿಲ್ಲ. ನೀವಾದರೂ ಕೇಳಬೇಕಿತ್ತು ಕುಶಲಕ್ಕ, ನೀವು ಹೆಂಗಸು."

ಕುಶಲಕ್ಕ ಮುಖ ತಗ್ಗಿಸಿ ಕೂರುತ್ತಾರೆ. "ಕೇಳಬೇಕಿತ್ತು," ಎನ್ನುತ್ತಾರೆ. ವೆರೊನಿಕಾ ಬರುತ್ತೇನೆ ಎನ್ನುತ್ತಾರೆ. ಮೌರಿಸ್ ಹೂಂ ಎನ್ನುವುದಿಲ್ಲ, ಉಹೂಂ ಎನ್ನುವುದೂ ಇಲ್ಲ. ಪುಸ್ತಕದಲ್ಲಿ ಆ ಮನೆಗೆ ಅರ್ಧ ಗೀಟು ಮಾತ್ರ ಬೀಳುತ್ತದೆ.

ಮರಳುವ ಬಸ್ಸಿನಲ್ಲಿ ಯಾರೂ ಕೇಳದೆಯೇ ಕುಶಲಕ್ಕ ಬಾಯಿ ಬಿಡುತ್ತಾರೆ. ಆವತ್ತು ತಾನು ಕೇಳದೆ ಬಿಟ್ಟವರಲ್ಲಿ ವೆರೊನಿಕಾ ಮೊದಲಿನವರಲ್ಲ. ಅದಕ್ಕೂ ಮೊದಲಿನವರು ಕುಶಲಕ್ಕನ ಗಂಡ ತಾರಾನಾಥ. ಹದಿನೆಂಟು ತುಂಬಿದಂದಿನಿಂದ ಒಂದು ಓಟೂ ತಪ್ಪಿಸದ ಮನುಷ್ಯ. ಬಹಿಷ್ಕಾರದ ದಿನ ಬೆಳಗ್ಗೆ ಎಂದಿನಂತೆ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ಓಟಿನ ಚೀಟಿ ಜೇಬಿಗಿಟ್ಟು ಚಪ್ಪಲಿ ಮೆಟ್ಟಿದ್ದರು.

"ನಾನು ಬಾಗಿಲಿಗೆ ಅಡ್ಡ ನಿಂತೆ. ಬ್ಯಾನರ್ ಕಟ್ಟಿದವಳ ಗಂಡನೇ ಹೋದರೆ ನನ್ನ ಮಾನ ಎಂತ ಆಗಬೇಕು ಅಂತ ಕೇಳಿದೆ. ಅವರು ಜಗಳ ಮಾಡಲಿಲ್ಲ. ಚಪ್ಪಲಿ ಬಿಟ್ಟು ಜಗಲಿಯಲ್ಲಿ ಕೂತರು. ಸಂಜೆ ಆರು ಗಂಟೆವರೆಗೆ ಅಂಗಿ ತೆಗೆಯಲಿಲ್ಲ. ಊಟಕ್ಕೂ ಆ ಅಂಗಿಯಲ್ಲೇ ಕೂತದ್ದು. ನಾನು ಕಡೆಗಾದರೂ ಹೋಗಿ ಬನ್ನಿ ಅಂತ ಹೇಳ್ತೇನಾ ಅಂತ ನೋಡ್ತಿದ್ದರು ಕಾಣ್ತದೆ."

ಚುನಾವಣೆ ಕಳೆದು ಕೋವಿ ಮನೆಗೆ ಬಂತು. ನಳಿಗೆಗೆ ತುಕ್ಕು ಹಿಡಿದಿತ್ತು. ತಾರಾನಾಥ ಎರಡು ದಿನ ಕೂತು ಉಜ್ಜಿದರು. ಕೋವಿ ಬಂದ ಹನ್ನೊಂದನೇ ದಿನ ಗದ್ದೆಯ ಬದುವಿನಲ್ಲಿ ಎದೆ ಹಿಡಿದು ಕುಸಿದವರು ಮತ್ತೆ ಏಳಲಿಲ್ಲ. ಪರವಾನಗಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಕುಶಲಕ್ಕ ಮಣಿಪಾಲಕ್ಕೆ ಹದಿನಾಲ್ಕು ಸಲ ಹೋದರು. ಆ ಅಲೆದಾಟದ ಬಗ್ಗೆ ಅವರಿಗೆ ಬೇಸರವಿಲ್ಲ. ಮನೆಯಲ್ಲಿ ಕೂತಿದ್ದರೆ ಆ ಬಿಳಿ ಅಂಗಿಯೇ ಕಣ್ಣ ಮುಂದೆ ಬರುತ್ತಿತ್ತಂತೆ.

ಅರವತ್ತೊಂದರಲ್ಲಿ ಮೂವತ್ತೆಂಟು ಮನೆಗಳು ಬರುತ್ತೇವೆ ಎಂದಿವೆ. ಇಪ್ಪತ್ತಮೂರು ಬಾಕಿ. ಸಂಜೆ ಮನೆಯ ಜಗಲಿಯಲ್ಲಿ ಬೀಡಿ ಎಲೆ ಕತ್ತರಿಸುವ ಮೊದಲು ಅವರು ಮತದಾರರ ಪಟ್ಟಿ ಬಿಡಿಸುತ್ತಾರೆ. ತೀರಿಕೊಂಡವರ, ಊರು ಬಿಟ್ಟವರ ಹೆಸರಿಗೆ ಕೆಂಪು ಗೆರೆ ಎಳೆದಿದ್ದಾರೆ. ಅಂಥವರ ಮನೆಗೆ ಹೋಗಿ ಹೆಸರು ತೆಗೆಸುವ ಫಾರಂ ತುಂಬಿಸಿ ಕೊಟ್ಟವರೂ ಅವರೇ. ಒಂದು ಹೆಸರಿಗೆ ಮಾತ್ರ ಗೆರೆಯಿಲ್ಲ. ಕುಶಲಾ ಎಂಬ ಹೆಸರಿನ ಮೇಲುಗಡೆ ತಾರಾನಾಥ, ಫೋಟೊ ಸಮೇತ, ಇನ್ನೂ ಇದ್ದಾರೆ.

ಪಟ್ಟಿಯ ಕೆಲಸ ನೋಡುವ ಅಂಗನವಾಡಿ ಟೀಚರ್ ಎರಡು ಸಲ ಫಾರಂ ಕೊಟ್ಟು ಹೋಗಿದ್ದಾರೆ. ಎರಡೂ ಕೋವಿಯ ಪರವಾನಗಿ ಪುಸ್ತಕದೊಳಗೆ ಖಾಲಿಯಾಗಿಯೇ ಕೂತಿವೆ, ಅವುಗಳ ನಡುವೆ ತಾರಾನಾಥರ ಜೇಬಿನಲ್ಲಿದ್ದ ಆವತ್ತಿನ ಚೀಟಿ.

"ಕಾನೂನು ನನಗೆ ಗೊತ್ತುಂಟು. ಆ ಹೆಸರಿನಲ್ಲಿ ಯಾರೂ ಓಟು ಹಾಕದ ಹಾಗೆ ಬೂತಿನಲ್ಲಿ ಮೊದಲೇ ಹೇಳಿ ಇಟ್ಟಿದ್ದೇನೆ," ಎನ್ನುತ್ತಾರೆ ಕುಶಲಕ್ಕ. "ನನಗೆ ಬೇರೆ ಆಸೆ ಎಂತ ಇಲ್ಲ. ನಾನು ತಡೆದ ಮನೆಗಳೆಲ್ಲ ಒಂದು ಸಲ ಬಂದು ಸಾಲಿನಲ್ಲಿ ನಿಲ್ಲಲಿ. ಆ ದಿನ ಸಂಜೆ ಫಾರಂ ತುಂಬಿಸಿ ಟೀಚರ ಕೈಗೆ ಕೊಡ್ತೇನೆ."

ಫಾರಂಗಳನ್ನು ಮಡಚಿ ಮತ್ತೆ ಪರವಾನಗಿ ಪುಸ್ತಕದೊಳಗೆ ಇಡುತ್ತಾರೆ.

"ಅಲ್ಲಿವರೆಗೆ ಇರಲಿ. ಅಂಗಿ ಹಾಕಿ ಕೂತವರನ್ನು ಒಮ್ಮೆಯೂ ಹೋಗಿ ಬನ್ನಿ ಅಂತ ಹೇಳದೆ ಹೆಸರು ಹೊಡೆದುಹಾಕಿದರೆ ಆಗ್ತದಾ?"