‘ಕಾಣೆ’ ಎಂದು ಬರೆಯಲಿಲ್ಲ

ನಮ್ಮ ಮನೆಯಲ್ಲಿ ಅಕ್ಕಿ ಮುಗಿಯುವುದಿಲ್ಲ, ‘ಹೆಚ್ಚಾಗುತ್ತದೆ’. ಬಳೆ ಒಡೆಯುವುದಿಲ್ಲ, ಅದೂ ‘ಹೆಚ್ಚಾಗುತ್ತದೆ’. ದೀಪವನ್ನು ಯಾರೂ ಆರಿಸುವುದಿಲ್ಲ, ‘ದೊಡ್ಡದು ಮಾಡುತ್ತಾರೆ’. ಕೆಟ್ಟ ಮಾತು ಬಾಯಿಂದ ಬಿದ್ದರೆ ಅಸ್ತು ದೇವತೆಗಳು ಅಸ್ತು ಅಂದುಬಿಡುತ್ತಾರೆ ಎನ್ನುವುದು ಅವ್ವನ ನಂಬಿಕೆ. ನಾನು ಅದನ್ನು ಹೀಯಾಳಿಸುತ್ತಿಲ್ಲ. ಆ ನಂಬಿಕೆಯ ಮರೆಯಲ್ಲೇ ನಿಂತು ಅಧಿಕಾರದಲ್ಲಿದ್ದ ದೊಡ್ಡವರು ನನ್ನ ಅಣ್ಣನನ್ನು ಕೈಬಿಟ್ಟರಲ್ಲ, ನನ್ನ ಸಿಟ್ಟು ಅದರ ಮೇಲೆ.

ದಾವಣಗೆರೆಯ ವಿನೋಬನಗರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಪಹಣಿ ತಿದ್ದುಪಡಿ, ವಿಧವಾ ವೇತನ, ನಳದ ಸಂಪರ್ಕ, ಏನೇ ಇರಲಿ ಅರ್ಜಿ ಬರೆದು ಟೈಪ್ ಮಾಡಿಕೊಡುತ್ತೇನೆ. ಸುತ್ತಿ ಬಳಸಿ ಹೇಳಬೇಡಿ, ಆಗಿದ್ದನ್ನು ಆದಂತೆ ಹೇಳಿ, ಕಾಗದದ ಮೇಲೆ ಇಲ್ಲದ್ದು ಸರ್ಕಾರಕ್ಕೆ ಇಲ್ಲವೇ ಇಲ್ಲ ಎಂದು ಬಂದವರಿಗೆಲ್ಲ ಬುದ್ಧಿ ಹೇಳುವವನು ನಾನೇ. ಇನ್ನೊಬ್ಬರಿಗೆ ಹೇಳುವುದು ಸುಲಭ.

ಅವ್ವ ಮತ್ತು ಅತ್ತಿಗೆ ಇರುವುದು ಹರಿಹರದಲ್ಲಿ. ಅಣ್ಣ ಅಲ್ಲೇ ಟ್ರ್ಯಾಕ್ಟರ್ ಟ್ರೈಲರ್ ಕಟ್ಟುವ ಶೆಡ್ಡಿನಲ್ಲಿ ವೆಲ್ಡರ್ ಆಗಿದ್ದ. ಸುತ್ತಲ ಹಳ್ಳಿಗಳಲ್ಲಿ, ಸಾರಥಿಯಿಂದ ಮಲೆಬೆನ್ನೂರಿನವರೆಗೆ, ಅವನು ಬೆಸುಗೆ ಹಾಕದ ಟ್ರೈಲರ್ ಇರಲಿಕ್ಕಿಲ್ಲ. ವಿದೇಶದಲ್ಲಿ ವೆಲ್ಡಿಂಗ್ ಕೆಲಸ ಇದೆ ಎಂದು ಒಬ್ಬ ಏಜೆಂಟ್ ಕರೆದುಕೊಂಡು ಹೋದ. ಆ ದೇಶದಲ್ಲಿ ಯುದ್ಧ ನಡೆಯುತ್ತಿದೆಯಲ್ಲ ಎಂದು ನಾನು ಕೇಳಿದ್ದಕ್ಕೆ, ಯುದ್ಧ ಗಡಿಯಲ್ಲಿ, ನಿಮ್ಮ ಅಣ್ಣ ಇರುವುದು ವರ್ಕ್‌ಶಾಪಿನಲ್ಲಿ ಎಂದು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೇಳಿದ. ಹೋದ ಮೂರನೇ ವಾರ ಅಣ್ಣ ನನಗೆ ಫೋನ್ ಮಾಡಿದ. ಸೈನ್ಯದ ಬಟ್ಟೆ ಕೊಟ್ಟಿದ್ದಾರೆ, ನಾಳೆಯಿಂದ ಫೋನು ಕಿತ್ತುಕೊಳ್ಳುತ್ತಾರಂತೆ, ಅವ್ವನಿಗೆ ಹೇಳಬೇಡ ಅಂದ. ಅದೇ ಕೊನೆಯ ಫೋನು.

ಬಹಳ ದಿನಗಳ ಮೇಲೆ ಯುದ್ಧ ನಿಂತಿತು. ಅಲ್ಲಿ ಸಿಕ್ಕಿಹಾಕಿಕೊಂಡಿದ್ದ ನಮ್ಮ ದೇಶದವರನ್ನು ಸರ್ಕಾರ ಕರೆಸಿಕೊಳ್ಳುತ್ತಿದೆ ಎಂದು ಟಿವಿಯಲ್ಲಿ ತೋರಿಸಿದರು. ವಿಮಾನ ಇಳಿದವರ ಕೊರಳಿಗೆ ಹಾರ ಹಾಕುತ್ತಿದ್ದರು. ಅವ್ವ ಟಿವಿಯ ಹತ್ತಿರವೇ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಮುಖ ನೋಡಿದಳು. ನಮ್ಮವನು ಬರಲಿಲ್ಲ.

ಕೇಂದ್ರದ ಇಲಾಖೆಗೆ ಅರ್ಜಿ ಕೊಡೋಣ ಎಂದು ಅವ್ವ ಮತ್ತು ಅತ್ತಿಗೆಯನ್ನು ಅಂಗಡಿಗೆ ಕರೆಸಿಕೊಂಡೆ. ‘ನನ್ನ ಅಣ್ಣ ಕಾಣೆಯಾಗಿದ್ದು’ ಎಂದು ಟೈಪ್ ಮಾಡಿ ಗಟ್ಟಿಯಾಗಿ ಓದಿದೆ. ಅವ್ವ ನನ್ನ ಕೈ ಹಿಡಿದು ನಿಲ್ಲಿಸಿಬಿಟ್ಟಳು.

“ಕಾಣೆ ಅಂತ ಬರೀಬ್ಯಾಡ. ಪೇಪರ್‌ನಾಗೆ ಫೋಟೋ ಹಾಕ್ಸಿ ಕಾಣೆ ಅಂತಾರಲ್ಲ, ಅವ್ರು ಯಾರಾರ ತಿರುಗಿ ಬಂದಿದ್ದು ನೋಡೀಯೇನು? ಬಂದಿಲ್ಲ ಅಂತ ಬರಿ. ಬಂದಿಲ್ಲ ಅಂದ್ರೆ ಇನ್ನೂ ಬರ್ತಾನೆ ಅಂತ.”

ಅತ್ತಿಗೆ ತಲೆ ತಗ್ಗಿಸಿ ಕೂತಿದ್ದಳು. ನಾನು ಆ ಪದ ಅಳಿಸಿದೆ. ‘ಯುದ್ಧ ನಿಂತ ಮೇಲೂ ಊರಿಗೆ ಮರಳಿರುವುದಿಲ್ಲ, ಸಂಪರ್ಕಕ್ಕೆ ಸಿಕ್ಕಿರುವುದಿಲ್ಲ’ ಎಂದು ಬರೆದೆ. ಅವ್ವನಿಗಾಗಿ ಬರೆದೆ ಎಂದರೆ ಸುಳ್ಳಾಗುತ್ತದೆ. ಹಾಗೆ ಬರೆದಾಗ ನನಗೂ ಎದೆ ಹಗುರಾಯಿತು.

ಅದೇ ಅರ್ಜಿಯ ಪ್ರತಿ ಹಿಡಿದುಕೊಂಡು ಒಬ್ಬ ಸಂಸದರ ಬಳಿಗೂ ಹೋದೆವು. ಅವರು ಎಲ್ಲಿಯವರು, ಯಾವ ಪಕ್ಷ ಎಂದು ಬರೆಯುವುದಿಲ್ಲ. ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಚಹಾ ತರಿಸಿ, ಎಲ್ಲ ಕೇಳಿದರು. ಅರ್ಜಿಯಲ್ಲಿ ಬರೆಯದೆ ಬಿಟ್ಟದ್ದನ್ನೂ, ಆ ಕೊನೆಯ ಫೋನಿನ ವಿಷಯವನ್ನೂ ಅವ್ವ ಕೈತೊಳೆಯಲು ಎದ್ದು ಹೋದಾಗ ನಾನು ಬಾಯಿಬಿಟ್ಟು ಹೇಳಿದೆ. ಕಾಣೆಯಾಗಿದ್ದಾನೆ ಸರ್ ಎಂದೇ ಹೇಳಿದೆ. ಅವರ ಸಹಾಯಕ ಎದುರಿಗೇ ಕೂತು ಕೇಳಿಸಿಕೊಂಡ. ಅರ್ಜಿ ಓದಿ, ಚೆನ್ನಾಗಿ ಬರೆದಿದ್ದೀರಿ, ಒಂದಕ್ಷರ ಬದಲಿಸುವುದು ಬೇಡ ಅಂದ. ಸಂಸದರು ಅವ್ವನ ಕೈ ಹಿಡಿದು, “ಅವ್ನು ನನ್ನ ತಮ್ಮ ಅಂತ ತಿಳ್ಕೊಳ್ರಮ್ಮ. ಸಂಸತ್ತಿನಾಗೆ ನಾನೇ ಕೇಳ್ತೀನಿ” ಎಂದರು. ಅವ್ವ ಅವರ ಮುಖ ನೀವಿ ನೆಟಿಗೆ ಮುರಿದಳು. ಮನೆಯ ಮಕ್ಕಳಿಗಲ್ಲದೆ ಅವಳು ಹಾಗೆ ದೃಷ್ಟಿ ತೆಗೆದದ್ದನ್ನು ನಾನು ನೋಡಿರಲಿಲ್ಲ.

ಪ್ರಶ್ನೆ ಬರುವ ದಿನ ಸಹಾಯಕ ಫೋನ್ ಮಾಡಿ ತಿಳಿಸಿದ. ನಾನು ಅಂಗಡಿ ಮುಚ್ಚಿ ಹರಿಹರಕ್ಕೆ ಹೋದೆ. ಬೆಳಿಗ್ಗೆ ಹನ್ನೊಂದಕ್ಕೆ ಟಿವಿ ಮುಂದೆ ಕೂತವರು ಸಂಜೆವರೆಗೂ ಏಳಲಿಲ್ಲ. ಓಣಿಯ ಹೆಂಗಸರೂ ಬಂದು ಕೂತರು. ಯಾರ್‍ಯಾರೋ ಎದ್ದು ಏನೇನೋ ಕೂಗಾಡಿದರು, ನಮ್ಮ ಸಂಸದರು ಒಮ್ಮೆಯೂ ಏಳಲಿಲ್ಲ. ಸಂಜೆ ಫೋನ್ ಮಾಡಿ ಕೇಳಿದರೆ, ಇದು ಚುಕ್ಕೆ ಗುರುತಿಲ್ಲದ ಪ್ರಶ್ನೆ, ಎದ್ದು ನಿಂತು ಕೇಳುವಂಥದ್ದಲ್ಲ, ಮಂತ್ರಿಗಳ ಉತ್ತರ ಲಿಖಿತವಾಗಿ ಬಂದಾಗಿದೆ ಎಂದ ಸಹಾಯಕ. ನನಗೆ ಪೆಚ್ಚಾಯಿತು. ಆದರೂ ಉತ್ತರ ಬಂತಲ್ಲ ಎಂದು ಮೊಬೈಲಿಗೆ ತರಿಸಿಕೊಂಡು ಅವ್ವ, ಅತ್ತಿಗೆ ಇಬ್ಬರ ಎದುರಿಗೂ ಓದಲು ಕೂತೆ.

ಎರಡೇ ಪ್ರಶ್ನೆ ಇದ್ದವು. ಯುದ್ಧ ಮುಗಿದ ಮೇಲೆ ಕಾಣೆಯಾಗಿರುವ ಭಾರತೀಯರು ಯಾವ ರಾಜ್ಯದವರು ಎಷ್ಟು ಎನ್ನುವುದು ಮೊದಲನೆಯದು. ನಮ್ಮ ರಾಜ್ಯದವರನ್ನು ಹುಡುಕಲು ಸರ್ಕಾರ ಏನು ಮಾಡಿದೆ ಎನ್ನುವುದು ಎರಡನೆಯದು. ಮೊದಲನೆಯದಕ್ಕೆ ಒಂದು ಪಟ್ಟಿ ಕೊಟ್ಟಿದ್ದರು. ಕರ್ನಾಟಕದ ಮುಂದೆ ಸೊನ್ನೆ. ಕೆಳಗೆ, ಆ ರಾಜ್ಯದಿಂದ ಯಾರೂ ಕಾಣೆಯಾದ ಬಗ್ಗೆ ದೂರು ಬಂದಿಲ್ಲ ಎಂದಿತ್ತು. ಎರಡನೆಯದಕ್ಕೆ ಒಂದೇ ಸಾಲು: ಪ್ರಶ್ನೆ ಉದ್ಭವಿಸುವುದಿಲ್ಲ.

“ಉದ್ಭವಿಸೋದಿಲ್ಲ ಅಂದ್ರೆ ಏನ್ರಿ?” ಎಂದಳು ಅತ್ತಿಗೆ. ಉದ್ಭವಲಿಂಗ ಬಿಟ್ಟರೆ ನಮ್ಮ ಮನೆಯಲ್ಲಿ ಆ ಮಾತು ಬಳಸಿದವರಿಲ್ಲ. ಯಾರೂ ಕಾಣೆಯಾಗಿಲ್ಲ, ಹಾಗಾಗಿ ಯಾರನ್ನೂ ಹುಡುಕಬೇಕಾಗಿಲ್ಲ ಎಂದು ಬಿಡಿಸಿ ಹೇಳಿದೆ. ಹೇಳಿದ ಮೇಲೆ ಅವರಿಬ್ಬರ ಮುಖ ನೋಡಲು ನನಗೆ ಆಗಲಿಲ್ಲ. ಅತ್ತಿಗೆ ಎದ್ದು ದೇವರ ಜಗಲಿಗೆ ಹೋದಳು. ನಮ್ಮ ಅರ್ಜಿ ತಲುಪಿದೆ ಎಂದು ಇಲಾಖೆಯವರು ಕಳಿಸಿದ್ದ ಕಾಗದವನ್ನು ಅಲ್ಲಿಟ್ಟು ದಿನಾ ಕುಂಕುಮ ಹಚ್ಚುತ್ತಿದ್ದಳು. ಅದನ್ನು ತಂದು ನನ್ನ ಮುಂದಿಟ್ಟು, ಹಂಗಾದ್ರೆ ಇದೇನು ಎಂದು ಕೇಳಿದಳು.

ನಾನು ಸಹಾಯಕನಿಗೆ ಮತ್ತೆ ಫೋನ್ ಹಚ್ಚಿದೆ. ಅವನಿಗೆ ಒಂದಿಷ್ಟೂ ಅಳುಕಿರಲಿಲ್ಲ.

“ನೀವು ಕಾಣೆ ಅಂತ ಎಲ್ಲಿ ಬರ್ದೀರಿ? ಊರಿಗೆ ಬಂದಿಲ್ಲ ಅಂತ ಬರ್ದೀರಿ. ಅಲ್ಲೇ ದುಡ್ಕೊಂಡು ಇದ್ದಾರೆ ಅಂತ ಇಲಾಖೆಯೋರು ತಿಳ್ಕೊಂಡಿದ್ದಾರೆ. ತಪ್ಪು ಅವ್ರದಲ್ರಿ.”

ನಿಮ್ಮ ಎದುರಿಗೇ ಬಾಯಿಬಿಟ್ಟು ಹೇಳಿದ್ದೆನಲ್ಲ ಎಂದೆ. ಬಾಯಿಮಾತು ಕಡತಕ್ಕೆ ಬರುವುದಿಲ್ಲ ಅಂದ. ಒಂದಕ್ಷರ ಬದಲಿಸುವುದು ಬೇಡ ಅಂದವನು ನೀನೇ ಅಲ್ಲವೇನಯ್ಯಾ ಎಂದು ಏಕವಚನಕ್ಕೆ ಇಳಿದೆ. ಅವನು ಮಾತ್ರ ಬಹುವಚನ ಬಿಡದೆ, ಬೇಕಾದರೆ ಪೊಲೀಸ್ ಠಾಣೆಯಲ್ಲಿ ಕಾಣೆಯಾದ ದೂರು ಕೊಟ್ಟು ಅದರ ಪ್ರತಿ ಕಳಿಸಿ, ಮುಂದಿನ ಅಧಿವೇಶನದಲ್ಲಿ ನೋಡೋಣ ಎಂದು ಫೋನ್ ಇಟ್ಟ.

ಅದೇ ವಾರ ಸಂಸದರ ಕಡೆಯವರು ಹಂಚಿದ ಕರಪತ್ರದಲ್ಲಿ, ಯುದ್ಧಪೀಡಿತ ಕುಟುಂಬಗಳ ಪರ ಸಂಸತ್ತಿನಲ್ಲಿ ದನಿ ಎತ್ತಿದರು ಎಂದು ಅಚ್ಚಾಗಿತ್ತು. ಅವ್ವನ ಕೈ ಹಿಡಿದುಕೊಂಡ ಫೋಟೋವನ್ನೂ ಹಾಕಿದ್ದರು. ಆ ದಿನ ಫೋಟೋ ತೆಗೆದಿದ್ದಾರೆಂದೇ ನಮಗೆ ಗೊತ್ತಿರಲಿಲ್ಲ. ನಮ್ಮ ಮೂಗಿಗೆ ತುಪ್ಪ ಸವರಿ, ತಾವು ಹಾರ ಹಾಕಿಸಿಕೊಂಡರು. ಹಾವೂ ಸಾಯದಂತೆ ಕೋಲೂ ಮುರಿಯದಂತೆ ಪ್ರಶ್ನೆ ಕೇಳುವುದು ಸಂಸದರಿಗೂ, ಉತ್ತರ ಕೊಡುವುದು ಮಂತ್ರಿಗಳಿಗೂ ಚೆನ್ನಾಗಿ ಬರುತ್ತದೆ. ಇವರನ್ನು ನಂಬಿದ್ದು ನಾನು. ದಿನವಿಡೀ ಅರ್ಜಿ ಬರೆಯುವ ನಾನೇ ಮೋಸಹೋದೆ ಎನ್ನುವುದು ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಅವ್ವನನ್ನು ಬೈಯುವ ಹಾಗಿರಲಿಲ್ಲ, ಆದರೂ ಒಂದು ದಿನ ಬೈದೆ. ನಿನ್ನ ಶಾಸ್ತ್ರದಿಂದ ಅಣ್ಣ ಪಟ್ಟಿಯಲ್ಲಿ ಇಲ್ಲದಂತಾದ ಅಂದುಬಿಟ್ಟೆ. ಅವಳು ಆ ದಿನ ಊಟ ಮಾಡಲಿಲ್ಲ.

ಮಾರನೆಯ ಬೆಳಿಗ್ಗೆ ಅವ್ವ ತಾನೇ ಸೀರೆ ಉಟ್ಟು, ನಡಿ ಠಾಣೆಗೆ ಅಂದಳು. ಮೂವರೂ ಹೋದೆವು. ಠಾಣೆಯ ಸಾಹೇಬರು ಒಳ್ಳೆಯವರೇ, ಕೂರಲು ಹೇಳಿ ಒಂದು ಫಾರಂ ಕೊಟ್ಟರು. ಹೆಸರು, ವಯಸ್ಸು, ಎತ್ತರ, ಎಡಗೈ ಮೇಲಿನ ಸುಟ್ಟ ಕಲೆ, ಎಲ್ಲ ತುಂಬಿದೆ. ‘ಕಾಣೆಯಾದ ಸ್ಥಳ’ ಎಂಬಲ್ಲಿ ನನ್ನ ಕೈ ನಿಂತಿತು. ಆ ದೇಶದ ಹೆಸರು ಹೇಳಿದಾಗ ಸಾಹೇಬರು ತಲೆ ಆಡಿಸಿದರು. ಅದು ತಮ್ಮ ಸರಹದ್ದಲ್ಲ, ಎಲ್ಲಿ ಕಾಣೆಯಾದರೋ ಅಲ್ಲೇ ದೂರು ಕೊಡಬೇಕು ಎಂದರು. ಅಲ್ಲಿ ಹೋಗಿ ಕೊಡುವವರು ಯಾರು ಸರ್ ಎಂದು ನನ್ನ ದನಿ ಏರಿತು. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅವ್ವ ಕೂತಲ್ಲಿಂದಲೇ ಮಾತಾಡಿದಳು. ಸಾಹೇಬರಿಗಲ್ಲ, ನನಗೆ ಹೇಳಿದಳು.

“ಅವ್ನು ಹೋದ ದಿನ ನಾ ಬಾಗ್ಲಾಗೆ ನಿಂತು ನೋಡ್ತಿದ್ದೆ. ಓಣಿ ತಿರುವಿನಾಗೆ ಹಿಟ್ಟಿನ ಗಿರಣಿ ಐತಲ್ಲ, ಅಲ್ಲಿಗಂಟ ಕಾಣ್ತಿದ್ದ. ಗಿರಣಿ ದಾಟಿದ ಮ್ಯಾಲೆ ಕಾಣ್ಲಿಲ್ಲ. ಅಲ್ಲೇ ಕಾಣೆ ಆಗ್ಯಾನೆ ಅಂತ ಬರಿ.”

ನಾನು ಸಾಹೇಬರ ಮುಖ ನೋಡಿದೆ. ಅವರು ಫಾರಂ ಮೇಲೆ ಬೆರಳಿಟ್ಟು ಆ ಖಾಲಿ ಜಾಗ ತೋರಿಸಿದರು. ನಾನು ಹಾಗೆಯೇ ಬರೆದೆ.