ಮೇಪಲ್ ಬಿಸ್ಕತ್ತಿಗೆ ಮೆಂತೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ನಾನು ಕಲಿಸುವ ಶಾಲೆಯ ಮಕ್ಕಳಿಗೂ ಅದು ಗೊತ್ತು, ಮನೆಯವರಿಗಂತೂ ಹೇಳುವುದೇ ಬೇಡ. ಆದರೆ ಆ ವರ್ಷ ನನ್ನ ತಂಗಿ ಆಸ್ಪತ್ರೆಯಿಂದ ಮೊಗ್ರಾಲಿನ ನಮ್ಮ ಮನೆಗೆ ಬರಿಗೈಯಲ್ಲಿ ಬಂದಾಗ ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತಿಳಿಯಲಿಲ್ಲ. ದಿನ ತುಂಬಿ ಹುಟ್ಟಿದ ಮಗು ಅತ್ತಿರಲಿಲ್ಲ. ಗಂಡಸರು ಅದನ್ನು ಬಟ್ಟೆಯಲ್ಲಿ ಸುತ್ತಿ ಒಯ್ದರು. ನೋಡಿದರೆ ಮರೆಯಲಿಕ್ಕಾಗುವುದಿಲ್ಲ ಎಂದು ಹಿರಿಯರು ತಡೆದದ್ದರಿಂದ ಅಮ್ಮ ನೋಡಲಿಲ್ಲ, ನಾನೂ ನೋಡಲಿಲ್ಲ. ತಂಗಿಗೆ ಮಾತ್ರ ನರ್ಸ್ ಒಂದು ಗಳಿಗೆ ತೋರಿಸಿದ್ದಳಂತೆ.

ಮನೆಗೆ ಬಂದ ಮೇಲೆ ಅವಳು ಮಾತು ಬಿಟ್ಟಳು, ಊಟವನ್ನೂ ಹೆಚ್ಚುಕಡಿಮೆ ಬಿಟ್ಟಳು. ಗಲ್ಫಿನಲ್ಲಿದ್ದ ಅವಳ ಗಂಡ ಎರಡು ವಾರದ ರಜೆಯಲ್ಲಿ ಬಂದು, ಪಕ್ಕದಲ್ಲಿ ಸುಮ್ಮನೆ ಕೂತು, ಮತ್ತೆ ಹೋದ. ಅಮ್ಮ ಹಾಲು ಬತ್ತಲೆಂದು ಅವಳ ಎದೆಗೆ ಮಲ್ಲಿಗೆ ಕಟ್ಟಿದಳು. ಅದೊಂದು ಬಿಟ್ಟರೆ ಬಾಣಂತನದ ಯಾವ ಉಪಚಾರವೂ ನಡೆಯಲಿಲ್ಲ. ಮಗುವಿನ ಸುದ್ದಿಯನ್ನೂ ಯಾರೂ ಎತ್ತಲಿಲ್ಲ. ಅವಳನ್ನು ಕಾಪಾಡುವ ಬಗೆ ಅದೇ ಎಂದು ನಾವೆಲ್ಲ ನಂಬಿದ್ದೆವು.

ಅವಳು ತಿನ್ನುತ್ತಿದ್ದದ್ದು ಒಂದೇ ಒಂದು ತಿಂಡಿ. ಬಸುರಿಯಾಗಿದ್ದಾಗ ಅವಳ ಬಯಕೆಗೆಂದು ಗಂಡ ಯಾರೋ ಊರಿಗೆ ಬರುವವರ ಕೈಯಲ್ಲಿ ಕಳಿಸಿದ್ದ ಮೇಪಲ್ ಬಿಸ್ಕತ್ತು. ಎಲೆಯ ಆಕಾರದ ಎರಡು ಬಿಸ್ಕತ್ತು, ನಡುವೆ ಕ್ರೀಮು. ಮಧ್ಯಾಹ್ನಕ್ಕೊಂದು, ಸಂಜೆಗೊಂದು ತಿಂದು ನೀರು ಕುಡಿಯುತ್ತಿದ್ದಳು. ದಿನದಿನಕ್ಕೆ ಕರಗಿ ಕಡ್ಡಿಯಾಗಿದ್ದಳು. ಕೊನೆಯ ಪ್ಯಾಕೆಟ್ ಖಾಲಿಯಾದ ದಿನ ನನಗೆ ನಿಜವಾಗಿ ಹೆದರಿಕೆಯಾಯಿತು. ಇನ್ನು ಇವಳು ಏನು ತಿಂದು ಬದುಕುತ್ತಾಳೆ?

ಬಂದ್ಯೋಡಿನ ಬೇಕರಿಗೆ ಹೋಗಿ ಖಾಲಿ ಪ್ಯಾಕೆಟ್ ತೋರಿಸಿದೆ. ಬೇಕರಿಯವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಇಂಥದ್ದು ನಮ್ಮಲ್ಲಿ ಇಲ್ಲ ಟೀಚರ್. ಪೈನಾಪಲ್ ಕ್ರೀಮಿನದ್ದು ಉಂಟು, ಕೊಡ್ಲಾ?"

"ಪೈನಾಪಲ್ ಕೇಳಿದವರಿಗೆ ಕೊಡಿ," ಎಂದು ರೇಗಿ, ಮೈದಾ, ಬೆಣ್ಣೆ, ಐಸಿಂಗ್ ಶುಗರ್ ತೆಗೆದುಕೊಂಡು ಬಂದೆ. ಪಾಪ, ಅವನದ್ದೇನು ತಪ್ಪು.

ನಮ್ಮಲ್ಲಿ ಓವನ್ ಇರಲಿಲ್ಲ. ದೊಡ್ಡ ಅಲ್ಯೂಮಿನಿಯಂ ಪಾತ್ರೆಯ ತಳಕ್ಕೆ ಹೊಳೆಯ ಮರಳು ಹಾಕಿ, ಕಾಯಿಸಿ, ಒಳಗೆ ತಟ್ಟೆ ಇಟ್ಟು ಮುಚ್ಚಿದೆ. ಪ್ಯಾಕೆಟ್ಟಿನ ಮೇಲಿನ ಎಲೆಯನ್ನು ಹಳೆಯ ಕ್ಯಾಲೆಂಡರಿನ ರಟ್ಟಿನಲ್ಲಿ ಕತ್ತರಿಸಿಕೊಂಡು, ಅದನ್ನು ಹಿಟ್ಟಿನ ಮೇಲಿಟ್ಟು ಸುತ್ತ ಚೂರಿ ಆಡಿಸಿದೆ. ಮೇಪಲ್ ಎಂಬ ಮರವನ್ನು ನಾನು ಕಂಡವಳಲ್ಲ. ಅದರ ರಸ ಸಿಹಿ, ಕಂದು ಎಂದಷ್ಟೇ ಗೊತ್ತಿತ್ತು. ಹಾಗಾಗಿ ಸಕ್ಕರೆ ಕರಗಿಸಿ ಕೆಂಪಗೆ ಮಾಡಿ ಹಾಕಿದೆ. ಬೆಂದಾಗ ಎಲೆಯ ಮೂಲೆಗಳೆಲ್ಲ ಹರಡಿಕೊಂಡವು.

ತಂಗಿ ಒಂದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು.

"ಅಕ್ಕ, ಇದು ಬೆಂಡೆಯ ಎಲೆ ಅಲ್ವ?"

ತಿಂಗಳಿಗೆ ಹತ್ತಿರ ಬಂದಿತ್ತು ಅವಳು ತಾನಾಗಿ ಒಂದು ಮಾತಾಡದೆ. ತಟ್ಟೆಯನ್ನು ಅವಳ ಹತ್ತಿರಕ್ಕೆ ಸರಿಸಿದೆ. ಆದರೆ ಬಾಯಿಯ ಅಭ್ಯಾಸ ಬಿಡಬೇಕಲ್ಲ.

"ತಿನ್ನುವುದಾದ್ರೆ ತಿನ್ನು. ಇಲ್ಲದಿದ್ರೆ ಕೋಳಿಗೆ ಹಾಕ್ತೇನೆ."

ಅವಳು ಒಂದು ಚೂರು ಕಚ್ಚಿ ತಟ್ಟೆಯಲ್ಲಿಟ್ಟಳು. "ಆ ಪರಿಮಳ ಇಲ್ಲ ಇದಕ್ಕೆ," ಎಂದಳು. ಮುಂದಿನ ವಾರ ಜೇನು ಹಾಕಿದೆ. ಅದೂ ಆಗಲಿಲ್ಲ. ತಾಳೆಮರದ ಓಲೆಬೆಲ್ಲ ಹಾಕಿದಾಗ ಹತ್ತಿರಕ್ಕೆ ಬಂತು, ಆದರೂ ಅದಲ್ಲ. ನಾನು ಹೋಗಿ ಬಂದು ಖಾಲಿ ಪ್ಯಾಕೆಟ್ ಮೂಸುವುದನ್ನು ನೋಡಿ ಅಮ್ಮ ತಲೆ ಚಚ್ಚಿಕೊಂಡಳು. ಆ ಪರಿಮಳ ನನಗೆ ಗೊತ್ತಿರುವಂಥದ್ದೇ, ಎಲ್ಲಿಯದೆಂದು ಮಾತ್ರ ನೆನಪಾಗುತ್ತಿರಲಿಲ್ಲ.

ನೆನಪಾದದ್ದು ದೋಸೆಗೆ ಅಕ್ಕಿ ನೆನೆಹಾಕುವಾಗ. ಮೆಂತೆಯ ಡಬ್ಬಿ ತೆರೆದೆ, ಆ ಪರಿಮಳ ಮೂಗಿಗೆ ಬಡಿಯಿತು. ಮೇಪಲ್ ಅಲ್ಲ, ಅದರ ಅಕ್ಕನೋ ತಂಗಿಯೋ ಇರಬೇಕು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಶನಿವಾರ ರಜೆ. ಮೆಂತೆಯನ್ನು ಹದವಾಗಿ ಹುರಿದು, ಜಜ್ಜಿ, ಬೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕುದಿಸಿ ಸೋಸಿದೆ. ಆರಿದ ಬೆಣ್ಣೆಗೆ ಓಲೆಬೆಲ್ಲದ ಪುಡಿ, ಮೈದಾ ಸೇರಿಸಿ ನಾದಿದೆ. ಪಾತ್ರೆ ಮುಚ್ಚಿ ಐದು ನಿಮಿಷ ಆಗಿರಬೇಕು, ಮನೆಯೆಲ್ಲ ಘಮ್ಮೆಂದಿತು.

ಅಂಗಳದಲ್ಲಿ ಕೊಬ್ಬರಿ ಒಣಹಾಕುತ್ತಿದ್ದ ಅಮ್ಮ ಓಡಿ ಬಂದಳು. ಬಂದವಳೇ ಕಿಟಕಿ ತೆರೆದು, ಸೆರಗಿನಿಂದ ಗಾಳಿ ಹಾಕತೊಡಗಿದಳು.

"ನಿನ್ನ ಬುದ್ಧಿಗೆ ಎಂತ ಆಗಿದೆ? ಈ ಮನೆಯಲ್ಲಿ, ಈಗ, ಇದನ್ನು ಮಾಡುವುದಾ?"

ಆಗ ನನಗೆ ಹೊಳೆಯಿತು. ನಮ್ಮ ಕಡೆ ಬಾಣಂತಿಗೆ ತೆಂಗಿನ ಹಾಲು, ಬೆಲ್ಲ ಹಾಕಿ ಮೆಂತೆ ಗಂಜಿ ಕೊಡುತ್ತಾರೆ. ಹಾಲು ಬರಲಿ, ಸೊಂಟ ಗಟ್ಟಿಯಾಗಲಿ ಎಂದು ದಿನಾ ಕೊಡುವುದು. ಆ ಸಿಹಿ ವಾಸನೆ ಬಾಣಂತಿಯ ಬೆವರಿಗೆ, ಬಟ್ಟೆಗೆ, ಕೋಣೆಗೆ ಹಿಡಿಯುತ್ತದೆ. ಹೊಸ್ತಿಲು ದಾಟಿದವರು ಮಗು ಹೆಣ್ಣೋ ಗಂಡೋ ಎಂದು ಕೇಳುತ್ತಾರೆ. ಮದುವೆಯಾಗದ ನನಗೆ ಮೆಂತೆಯೆಂದರೆ ದೋಸೆಗೆ ಹಾಕುವ ಕಾಳು, ಅಷ್ಟೇ. ಮಗು ಕಳೆದುಕೊಂಡವಳು ಮಲಗಿದ್ದ ಮನೆಯಲ್ಲಿ ನಾನು ಮಗು ಹುಟ್ಟಿದ ಮನೆಯ ವಾಸನೆ ಎಬ್ಬಿಸಿದ್ದೆ. ಒಲೆ ಆರಿಸಲು ಹೋದೆ.

"ಆರಿಸಬೇಡ ಅಕ್ಕ."

ತಂಗಿ ಅಡುಗೆಮನೆಯ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದಳು.

"ಅಮ್ಮ, ನನಗೆ ಯಾಕೆ ಮೆಂತೆ ಗಂಜಿ ಮಾಡಿ ಕೊಡ್ಲಿಲ್ಲ?"

ಅಮ್ಮನ ಸೆರಗು ಕೈಯಲ್ಲೇ ಉಳಿಯಿತು. "ನಿನಗೆ ನೋವಾಗ್ತದೆ ಅಂತ ಮಗಾ. ಹಾಲು ಬೇರೆ ಪುನಃ ಬಂದ್ರೆ..."

"ಹಾಲು ಯಾವಾಗಲೋ ಬತ್ತಿತು. ಸೊಂಟ ನೋವು ಹಾಗೇ ಉಂಟು. ಒಬ್ಬರೂ ಕೇಳ್ಲಿಲ್ಲ. ಒಂಬತ್ತು ತಿಂಗಳು ಹೊತ್ತು ನಾನೂ ಹೆತ್ತಿದ್ದೇನಲ್ಲ, ಅಮ್ಮ?"

ಅಮ್ಮ ಅವಳನ್ನು ಕರೆದುಕೊಂಡು ಹೋಗಿ ಮಣೆಯ ಮೇಲೆ ಕೂರಿಸಿದಳು. ಈ ಗಲಾಟೆಯಲ್ಲಿ ಬಿಸ್ಕತ್ತುಗಳ ಅಡಿ ಸೀದವು. ಅದನ್ನು ಹೆರೆದು ತೆಗೆದು, ಆರಿಸಿ, ಬೆಣ್ಣೆ ಸಕ್ಕರೆಯ ಕ್ರೀಮ್ ಹಚ್ಚಿ ಜೋಡಿಸಿ ಕೊಟ್ಟೆ. ತಂಗಿ ಎರಡು ಜೋಡಿ ತಿಂದಳು. ಮೂರನೆಯದನ್ನು ಅಮ್ಮನ ಬಾಯಿಗಿಟ್ಟಳು. ಅಮ್ಮ ಅಳುತ್ತಲೇ ಅಗಿದು, ಉಪ್ಪು ಸ್ವಲ್ಪ ಕಡಿಮೆಯಾಯಿತು ಎಂದಳು. ಕೊರತೆ ಹೇಳದಿದ್ದರೆ ಅವಳಿಗೆ ತಿಂದದ್ದು ಕರಗುವುದಿಲ್ಲ.

ಆಮೇಲೆ ಅಮ್ಮ ಬಚ್ಚಲ ಒಲೆಗೆ ಬೆಂಕಿ ಹಾಕಿದಳು. ಎಣ್ಣೆ ಬಿಸಿ ಮಾಡಿ, ತಂಗಿಯ ನೆತ್ತಿಯಿಂದ ಪಾದದವರೆಗೆ ತಿಕ್ಕಿದಳು. ಬಾಣಂತಿಗೆ ಮೊದಲ ದಿನಗಳಲ್ಲಿ ಮಾಡಬೇಕಾದ ಎಣ್ಣೆನೀರನ್ನು ನಮ್ಮ ಮನೆಯಲ್ಲಿ ತಿಂಗಳು ಕಳೆದ ಮೇಲೆ ಮಾಡಿದ್ದಾಯಿತು. ನಾನು ಒಣಬಟ್ಟೆ ಹಿಡಿದು ಬಚ್ಚಲ ಹೊರಗೆ ನಿಂತಿದ್ದೆ. ಒಳಗೆ ಚೆಂಬಿನಿಂದ ನೀರು ಹೊಯ್ಯುವ ಸದ್ದು ಕೇಳುತ್ತಿತ್ತು. ಒಮ್ಮೆಲೇ ಅದು ನಿಂತಿತು.

"ಮಗುವಿಗೆ ತಲೆಕೂದಲು ಇತ್ತಾ?" ಅಮ್ಮ ಕೇಳಿದಳು.

"ತಲೆ ತುಂಬ ಇತ್ತು ಅಮ್ಮ," ಎಂದಳು ತಂಗಿ. "ನಿನ್ನ ಹಾಗೆಯೇ ಗುಂಗುರು."