ಡಿ ಡ್ರೈವಿನ ಪರವಾನಗಿ

ಗಂಜಿ ಹಚ್ಚಿದ ನೂಲಿನ ವಾಸನಿ ಬಂದ್ರ ಯಾರಿಗರೆ ಮಗ್ಗ ನೆನಪಾಗಬೇಕು. ನನಗ ಕಂಪ್ಯೂಟರ್ ನೆನಪಾಗತೈತಿ. ನಗಬ್ಯಾಡ್ರಿ! ಇಳಕಲ್ಲಿನ ನಮ್ಮ ಮನ್ಯಾಗ ಅದನ್ನ ಇಟ್ಟಿದ್ದು ಮಗ್ಗದ ಕೋಣ್ಯಾಗನ. ಮೊನ್ನೆ ಹುನಗುಂದದಾಗ ಅಕ್ಕನ ಮನಿ ಹೊಸ್ತಿಲ ದಾಟಿದೆ, ಅದ ವಾಸನಿ.

ಅಕ್ಕ ಕೊಂಡಿ ಹಾಕಾಕಿ. ಇಳಕಲ್ ಸೀರಿಯ ಮೈಯ ಎಳಿ ಬ್ಯಾರೆ, ಸೆರಗಿನ ಎಳಿ ಬ್ಯಾರೆ. ಒಂದೊಂದ ಹಿಡದು ಎರಡನ್ನೂ ಕೂಡಸೂದು ಆಕಿ ಕೆಲಸ. ಇಳಕಲ್ಲಿನ ಮನ್ಯಾಗಿದ್ದಾಗ ಅದು ಮುಗಸಿ ಕಂಪ್ಯೂಟರಿನ ಮುಂದ ಕುಂತು ಸೆರಗಿನ ಚಿತ್ರ ತಗೀತಿದ್ದಳು. ಮೌಸಿಗೆಲ್ಲಾ ನೂಲಿನಿಂದ ಆಕಿ ಬೆರಳಿಗೆ ಹತ್ತಿದ ಕೆಂಪು ಬಣ್ಣ. ಚಿತ್ರ ಇರತಿದ್ದದ್ದು ಡಿ ಡ್ರೈವಿನ್ಯಾಗ.

ನಾನರೆ ಆಗ ವಿದ್ಯಾಗಿರಿಯ ಕಾಲೇಜಿನ್ಯಾಗ ಓದೂ ದೊಡ್ಡ ಶಾಣ್ಯಾ. ವೈರಸ್ ಹತ್ತಿ ವಿಂಡೋಸ್ ಮಕಾಡೆ ಮಲಗಿದಾಗ, ಪತ್ರಿಕಿ ಜೋಡಿ ಪುಕ್ಕಟ ಬಂದ ಸೀಡಿಯಿಂದ ಅದರ ಬದಲಿ ಲಿನಕ್ಸ್ ಹಾಕಿದೆ. ಹಳೇ ಡಿ ಡ್ರೈವನ್ನ ಅದಕ್ಕ ಜೋಡಿಸಿ, ಯಾರು ತೆರೀಬಹುದು ಅನ್ನೂ ಸಾಲಿನ್ಯಾಗ ನನ್ನೊಬ್ಬನ್ನ ಬರದೆ. ಅಕ್ಕಗ ಬ್ಯಾರೆ ಲಾಗಿನ್ ಕೊಟ್ಟೆ ಖರೆ, ಡ್ರೈವ್ ಕೊಡಲಿಲ್ಲ. ಎಲ್ಲಿ ಕೆಡಸ್ತಾಳೋ ಅಂತ! ಹೇಳದನ ಬಸ್ ಹತ್ತಿದೆ.

ಶುಕ್ರವಾರ ಹಾಸ್ಟೆಲಿಗೆ ಫೋನ್ ಬಂತು.

"ತಮ್ಮಾ, ನನ್ನ ಚಿತ್ರ ತೆರಿಯಾಕ ನನಗ ಪರವಾನಗಿ ಇಲ್ಲಂತಲೇ! ಸೀರಿ ನೇಯಿಸೂ ಬಾದಾಮಿ ಸಾವಕಾರ್ರು ನಾಳೆ ನೋಡಾಕ ಬರತಾರ. ಆರಿಸಿದ್ರ ನನ್ನ ಸೆರಗು ಮಗ್ಗ ಏರತೈತಿ. ಪಾಸ್‌ವರ್ಡ್ ಹೇಳು."

"ಪಾಸ್‌ವರ್ಡ್ ಹಾಕಿ ಒಂದು ಸಾಲು ತಿದ್ದಬೇಕು, ಒಂದು ಅಕ್ಷರ ತಪ್ಪಿದ್ರ ಎಲ್ಲಾ ಹೋಗತೈತಿ. ರವಿವಾರ ನಾನ ಬರ್ತೇನಿ."

"ದಿನಾ ಸಾವಿರಾರು ಎಳಿ ಕೂಡಸ್ತೇನಿ. ಒಂದ ಸಾಲು ತಪ್ಪತೇನೇನು?"

"ಹಂಗಲ್ಲಕ್ಕಾ..." ಅನ್ನೂದರಾಗ ಫೋನ್ ಇಟ್ಟಳು.

ರವಿವಾರ ಹೋದೆ. ಆ ಸಾಲಿನ್ಯಾಗ ಬ್ಯಾರೆಯವರನ್ನ ತಡೆಯೂ ಏಳು ಏಳು ತಗದು ಸೊನ್ನಿ ಸೊನ್ನಿ ಬರದ್ರ ಎಲ್ಲಾರಿಗೂ ಪರವಾನಗಿ. ಎರಡು ನಿಮಿಷ ಹಿಡೀಲಿಲ್ಲ. ಸಾವಕಾರ್ರು ಶನಿವಾರನ ಬ್ಯಾರೆಯವರ ಚಿತ್ರ ಆರಿಸಿ ಹೋಗಿದ್ರು. ಅಕ್ಕ ಬೈಲಿಲ್ಲ, ಬೈದಿದ್ರ ಚಲೋ ಇತ್ತು. "ಚಾ ಕುಡದು ಹೋಗು" ಅಂದಳು. ಆ ನಾಚಿಕಿ ಇವತ್ತಿಗೂ ಹೋಗಿಲ್ಲ ನೋಡ್ರಿ.

ಈಗ ಆಕಿ ಚಿತ್ರ ಕೇಳಿಕೊಂಡು ಇಳಕಲ್ಲಿನ ನೇಕಾರರು ಹುನಗುಂದಕ್ಕ ಬರತಾರ. ಮೊನ್ನೆ ನನಗೊಂದು ಕಾಗದ ಪ್ರಿಂಟ್ ತಗೀಬೇಕಾಗಿತ್ತು. ಆಕಿ ಕಂಪ್ಯೂಟರ್ ಮುಂದ ಕುಂತು, "ಪಾಸ್‌ವರ್ಡ್ ಏನಕ್ಕಾ?" ಅಂದೆ, ಸಣ್ಣ ದನಿಲೆ.

ನೂಲಿನಿಂದ ತಲಿ ಎತ್ತದನ ಅಂದಳು, "ನನ್ನ ಹೆಸರಿನ ಕೆಳಗ ನಿನ್ನ ಹೆಸರೂ ಐತಿ. ಒತ್ತು."

ಒತ್ತಿದೆ. ಪಾಸ್‌ವರ್ಡ್ ಕೇಳಲಿಲ್ಲ. ಆಕಿ ಚಿತ್ರ ಎಲ್ಲಾ ಮುಂದ ಬಂದ್ವು. ತಿದ್ದಾಕ, ಅಳಸಾಕ ಸೈತ ನನಗ ಪರವಾನಗಿ ಇತ್ತು. ಕೆಂಪು ಹತ್ತಿದ ಮೌಸಿನಿಂದ ಕೈ ತಗದೆ.